ರೇನ್‌ಕೋಟು ಹಾಕಿದ ಅಪರಿಚಿತ

“ಸೋಪೆಲ್ಲಿ?” ಎಂದು ಕೇಳುತ್ತಲೇ ಪೋಸ್ಟ್‌ಮ್ಯಾನ್ ಗೇಟಿನಾಚೆ ಚಪ್ಪಲಿ ಬಿಟ್ಟು, ಅಂಗಳದ ನಲ್ಲಿ ತಿರುಗಿಸಿ, ಮೊಣಕೈವರೆಗೆ ಕೈ ತೊಳೆಯತೊಡಗಿದ. ಅವನ ಹಿಂದೆ ಇಸ್ತ್ರಿ ಅಂಗಡಿಯ ಗಂಡ ಹೆಂಡತಿ ನಿಂತಿದ್ದರು. ಅವರ ಹಿಂದೆ, ಕೋಲೂರಿಕೊಂಡು, ಪಕ್ಕದ ಬೀದಿಯ ಅಜ್ಜಿ. ಸಾವಿನ ಮನೆಗೆ ಬಂದವರು ನೇರ ಒಳಗೆ ಹೋಗುವುದು ಬಿಟ್ಟು ನಲ್ಲಿಯ ಮುಂದೆ ಸಾಲುಗಟ್ಟಿದ್ದನ್ನು ಕಂಡು, ಪರವೂರಿನಿಂದ ಬಂದಿದ್ದ ತೀರಿಕೊಂಡಾಕೆಯ ತಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ.

“ಇದೇನಮ್ಮ, ಎಲ್ಲಾ ಆಪರೇಷನ್ ಮಾಡೋಕೆ ಬಂದೋರ ಥರ?” ಎಂದು ಅಕ್ಕನ ಮಗಳ ಕಿವಿಯಲ್ಲಿ ಕೇಳಿದ.

“ಅಮ್ಮನ ರೂಲ್ಸು ಮಾವ. ಮನೇಲಿ ನಾಯಿಮರಿ ಇದ್ರೆ ಕೈ ತೊಳೀದೆ ಯಾರೂ ಒಳಗೆ ಕಾಲಿಡೋ ಹಾಗಿಲ್ಲ. ಹೊರಗಿನ ರೋಗ ಹಸೀ ಮರಿಗೆ ತಗಲಬಾರದಲ್ಲ.”

“ಅಕ್ಕನೇ ಹೋದ ಮೇಲೆ ಇನ್ನೆಂಥ ರೂಲ್ಸು?”

ಮಗಳು ಒಳಗಿನಿಂದ ಹೊಸ ಟವೆಲ್ಲು ತಂದು ನಲ್ಲಿಯ ಪಕ್ಕದ ಗೂಟಕ್ಕೆ ಹಾಕಿದಳು.

ನಡುಮನೆಯಲ್ಲಿ ಆಕೆಯನ್ನು ಮಲಗಿಸಿದ್ದರು. ಬೀದಿಯವರೆಲ್ಲ ಆಕೆಯನ್ನು ಕರೆಯುತ್ತಿದ್ದುದು ನಾಯಿ ಟೀಚರ್ ಎಂದು. ಯಾವ ಸ್ಕೂಲಿನಲ್ಲೂ ಆಕೆ ಪಾಠ ಮಾಡಿದವಳಲ್ಲ. ಮನೆಯಲ್ಲಿ ಹುಟ್ಟಿದ ಮರಿಗಳು ಕಣ್ಣು ಕಿವಿ ತೆರೆದ ಕೂಡಲೇ “ನಾಳೆಯಿಂದ ಸ್ಕೂಲು ಶುರು” ಎನ್ನುತ್ತಿದ್ದಳು, ಅಷ್ಟಕ್ಕೇ ಆ ಹೆಸರು ಗಟ್ಟಿಯಾಗಿ ಕೂತುಬಿಟ್ಟಿತ್ತು. ಮೊನ್ನೆ ಸಂಜೆ ಮರಿಗಳ ತಟ್ಟೆ ತೊಳೆಯುತ್ತ ನಿಂತವಳು ಎದೆ ಹಿಡಿದುಕೊಂಡು ಕುಸಿದಳು. ಆಸ್ಪತ್ರೆಯ ಬಾಗಿಲವರೆಗೂ ಜೀವ ಉಳಿಯಲಿಲ್ಲ.

ತಲೆಯ ಹತ್ತಿರ ಕುರ್ಚಿಯಲ್ಲಿ ಆಕೆಯ ಗಂಡ ಕೂತಿದ್ದರು. ಜೀವಮಾನವಿಡೀ ಕೈಗಡಿಯಾರ ರಿಪೇರಿ ಮಾಡಿದವರು, ಅದಕ್ಕೇ ಎಲ್ಲರಿಗೂ ಅವರು ಗಡಿಯಾರದವರು. ಮೊನ್ನೆಯಿಂದ ಅವರ ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ. ಮಗಳಿಗೆ ಅದೇ ಭಯವಾಗಿತ್ತು.

ಬಂದವರು ಒಬ್ಬೊಬ್ಬರಾಗಿ ಆಕೆಯ ಮುಖ ನೋಡಿದರು, ಕಣ್ಣೊರೆಸಿಕೊಂಡರು. ಆಮೇಲೆ ಗೋಡೆಗೊರಗಿ ನೆಲದ ಮೇಲೆ ಕೂತು ಕಾಲು ಉದ್ದಕ್ಕೆ ಚಾಚಿ, ಅಂಗೈ ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡರು. ಇಸ್ತ್ರಿಯವನು ಹಾಗೇ ಕೂತ, ಅವನ ಹೆಂಡತಿಯೂ ಕೂತಳು. ಅಜ್ಜಿ ಮಾತ್ರ ಕುರ್ಚಿ ತರಿಸಿಕೊಂಡು ಅಲ್ಲಿಂದಲೇ ಕಾಲು ಚಾಚಿದಳು. ಎಷ್ಟೋ ಹೊತ್ತಿನ ಮೇಲೆ ಪೋಸ್ಟ್‌ಮ್ಯಾನ್‌ಗೆ ತಾವೆಲ್ಲ ಏನು ಮಾಡುತ್ತಿದ್ದೇವೆ ಎಂಬುದು ಹೊಳೆದು, ಗಡಬಡಿಸಿ ಕಾಲು ಮಡಚಿದ.

“ಕ್ಷಮಿಸಿ ಗಡಿಯಾರದವರೇ. ಈ ಮನೇಲಿ ಕೂತ್ರೆ ಕಾಲು ತಾನಾಗೇ ಚಾಚಿಬಿಡುತ್ತೆ. ಈಗ ಮರಿ ಬರುತ್ತೆ, ಈಗ ಬರುತ್ತೆ ಅಂತ ಕಾಯ್ತಾ ಇದ್ದೆ ನೋಡಿ.”

ಆ ಮನೆಯ ಪದ್ಧತಿಯೇ ಹಾಗೆ. ಕಾಗದ ಕೊಡಲು ಬರಲಿ, ಕರೆಂಟು ಮೀಟರು ನೋಡಲು ಬರಲಿ, ಕೈ ತೊಳೆದು ಕಾಲು ಚಾಚಿ ಕೂರಬೇಕು. ಮರಿಗಳು ಬಂದು ಮೂಸಿ, ಹತ್ತಿ, ಕೆಲವೊಮ್ಮೆ ಒದ್ದೆ ಮಾಡಿ ಹೋಗುವವರೆಗೂ ಬಿಡುಗಡೆಯಿಲ್ಲ. ಇವತ್ತು ಮರಿಗಳನ್ನು ಹಿಂದಿನ ಕೋಣೆಗೆ ಹಾಕಿ ಬಾಗಿಲು ಮುಚ್ಚಿದ್ದರು. ಸಾವಿನ ಮನೆಯಲ್ಲಿ ಅವುಗಳ ಗಲಾಟೆ ಬೇಡವೆಂದು ತಮ್ಮನೇ ಹೇಳಿದ್ದ. ಬಾಗಿಲಾಚೆಯಿಂದ ಕುಂಯ್ ಕುಂಯ್ ಕೇಳುತ್ತಿತ್ತು. ತಾಯಿನಾಯಿ ಬಟಾಣಿ ಮಾತ್ರ ಮಗಳು ಬಾಗಿಲು ತೆಗೆದಾಗ ಒಳಗೆ ಹೋಗಿ ಹಾಲೂಡಿಸುವುದು, ಮತ್ತೆ ಬಂದು ಆಕೆಯ ಚಪ್ಪಲಿಯ ಮೇಲೆ ಮೂತಿಯಿಟ್ಟು ಮಲಗುವುದು, ಇಷ್ಟೇ ಮಾಡುತ್ತಿತ್ತು.

“ಸಂಜೆ ಅಂಗಡಿಯವನು ಬರ್ತಾನೆ,” ತಮ್ಮ ಬಗ್ಗಿ ಭಾವನಿಗೆ ಹೇಳಿದ. “ನಾಯಿಮರಿ ಮಾರ್ತಾನಲ್ಲ, ಆ ಅಂಗಡಿ. ತಾಯಿ, ಮರಿ ಎಲ್ಲಾ ಒಟ್ಟಿಗೆ ತಗೊಂಡು ಹೋಗ್ತಾನೆ. ಮಾತಾಡಿಬಿಟ್ಟಿದ್ದೀನಿ.”

“ಅವಕ್ಕಿನ್ನೂ ಐದು ವಾರ ಮಾವ!” ಮಗಳು ಹೇಳಿದಳು. “ಎಂಟು ವಾರ ಆಗದೆ ಅಮ್ಮ ಒಂದು ಮರೀನೂ ಹೊಸಿಲು ದಾಟಿಸಿದವಳಲ್ಲ.”

“ಅವಳಿದ್ಲು, ನಡೀತು. ಈಗ ಯಾರಮ್ಮ ನೋಡ್ಕೋತಾರೆ? ನಿನಗೆ ನಿನ್ನ ಸಂಸಾರ ಇದೆ. ಭಾವನಿಗೆ ಗಡಿಯಾರ ಒಂದು ಬಿಟ್ರೆ ಬೇರೇನು ಗೊತ್ತು?”

ಒರಟಾಗಿ ಹೇಳಿದರೂ ಅವನಲ್ಲಿ ಕೆಟ್ಟತನವಿರಲಿಲ್ಲ. ಅಕ್ಕನನ್ನು ಕಳೆದುಕೊಂಡ ಸಂಕಟವನ್ನು ಓಡಾಟದಲ್ಲಿ ಮರೆಯುತ್ತಿದ್ದ. ಮಗಳು ಅಪ್ಪನ ಮುಖ ನೋಡಿದಳು.

“ಅವನು ಹೇಳೋದು ಸರಿ,” ಎಂದರು ಗಡಿಯಾರದವರು. “ನನಗೆ ಅವಳ ಕೆಲಸ ಬರಲ್ಲ.”

*

ಎಷ್ಟೋ ವರ್ಷಗಳ ಹಿಂದೆ, ಬಟಾಣಿಯ ಅಜ್ಜಿಯ ಅಜ್ಜಿ ಮೊದಲು ಮರಿ ಹಾಕಿದಾಗ, ನಾಯಿ ಟೀಚರ್ ಮರದ ಪೆಟ್ಟಿಗೆಯನ್ನು ತಂದಿಟ್ಟದ್ದು ಗಂಡನ ಕೆಲಸದ ಮೇಜಿನ ಕೆಳಗೆ. ಮನೆಯಲ್ಲಿ ಬೆಚ್ಚಗಿನ ಮೂಲೆ ಅದೊಂದೇ.

“ಗಡಿಯಾರದೊಳಗೆ ನಾಯಿಕೂದಲು ಸೇರಿದ್ರೆ ಗಿರಾಕಿ ನನ್ನ ಮುಖಕ್ಕೆ ಉಗೀತಾನೆ,” ಎಂದು ಗೊಣಗಿದ್ದರು.

“ಉಗಿದ್ರೆ ಒರೆಸ್ಕೊಳ್ಳಿ. ಮರಿಗೆ ಥಂಡಿ ಹಿಡಿದ್ರೆ ಒರೆಸೋಕಾಗಲ್ಲ.”

ಕಣ್ಣೂ ತೆರೆಯದ, ಇಲಿಯಷ್ಟಿದ್ದ ಮರಿಗಳನ್ನು ಆಕೆ ದಿನಕ್ಕೊಮ್ಮೆ ಅಂಗೈಗೆ ತೆಗೆದುಕೊಳ್ಳುತ್ತಿದ್ದಳು. ಮೊದಲು ತಾಯಿಯ ಮೂತಿಗೆ ಹಿಡಿದು, “ಕರ್ಕೊಂಡು ಹೋಗ್ಲೇನೇ?” ಎಂದು ಅಪ್ಪಣೆ ಕೇಳುವುದು. ಆಮೇಲೆ ಅಂಗಾಲಿಗೆ ಬೆರಳು ಸೋಕಿಸುವುದು, ತಲೆ ಮೇಲೆ ಮಾಡಿ, ಕೆಳಗೆ ಮಾಡಿ ಹಿಡಿಯುವುದು, ಒದ್ದೆ ಬಟ್ಟೆಯ ಮೇಲೆ ಒಂದೇ ಒಂದು ಗಳಿಗೆ ಮಲಗಿಸುವುದು. ಮರಿ ಮುಲುಗಿದೊಡನೆ ತಾಯಿಯ ಹೊಟ್ಟೆಗೆ ವಾಪಸು.

“ಪಾಪ, ಹುಟ್ಟಿದ ಕೂಸಿಗೆ ಯಾಕೆ ಈ ಶಿಕ್ಷೆ?”

“ಶಿಕ್ಷೆ ಅಲ್ಲ ಕಣ್ರೀ, ಪರಿಚಯ. ಲೋಕ ಸ್ವಲ್ಪ ತಣ್ಣಗಿರುತ್ತೆ, ಆಮೇಲೆ ಮತ್ತೆ ಬೆಚ್ಚಗಾಗುತ್ತೆ ಅಂತ ಈಗಲೇ ಗೊತ್ತಾಗ್ಲಿ.”

ಮರಿ ಕೇಳಿ ಬಂದವರಿಗೆ ಆಕೆ ಬೆವರಿಳಿಸುತ್ತಿದ್ದಳು. ಮನೆಯಲ್ಲಿ ಹಗಲು ಯಾರಿರುತ್ತಾರೆ, ಮಳೆಯಲ್ಲಿ ನಾಯಿ ಎಲ್ಲಿ ಮಲಗುತ್ತದೆ, ಮುದಿಯಾದರೆ ಏನು ಮಾಡುತ್ತೀರಿ. ಸಾಕಲಾಗದಿದ್ದರೆ ಬೀದಿಗೆ ಬಿಡದೆ, ಯಾವ ವಯಸ್ಸಿನಲ್ಲಾದರೂ ನನಗೇ ತಂದುಕೊಡಬೇಕು ಎಂದು ಮಾತು ತೆಗೆದುಕೊಳ್ಳುತ್ತಿದ್ದಳು.

“ಮಗಳನ್ನ ಕೊಡುವಾಗಲೂ ನೀನು ಇಷ್ಟು ವಿಚಾರಿಸಲಿಲ್ಲ,” ಎಂದಿದ್ದರು ಇವರು.

“ಮಗಳಿಗೆ ಬಾಯಿದೆ. ತಾನೇ ವಿಚಾರಿಸ್ಕೊಂಡ್ಲು.”

*

ಸ್ಮಶಾನಕ್ಕೆ ಹೊರಡುವ ಗಾಡಿ ತಡವಾಗಿತ್ತು. ಕಾಯುತ್ತ ಕೂತವರ ನಡುವೆ ಮೆಲ್ಲಗೆ ಮಾತು ಹುಟ್ಟಿತು.

“ಟೀಚರ್ ಕೊಟ್ಟ ನಾಯಿ ಇದೆಯಲ್ಲ ನಮ್ಮನೇಲಿ,” ಇಸ್ತ್ರಿಯವನ ಹೆಂಡತಿ ಹೇಳಿದಳು, “ಹೆಲ್ಮೆಟ್ ಹಾಕ್ಕೊಂಡು ಯಾರು ಬಂದ್ರೂ ನೆಂಟರು ಬಂದ ಹಾಗೆ ಕುಣಿಯುತ್ತೆ. ಕಳ್ಳ ಬಂದ್ರೆ ಒಳಗೆ ಕರ್ಕೊಂಡು ಬಂದು ಕೂರಿಸುತ್ತೋ ಏನೋ.”

“ನನ್ನ ಕೋಲು ಕಂಡ್ರೆ ಬೀದಿನಾಯಿ ಎಲ್ಲಾ ದಿಕ್ಕಾಪಾಲು,” ಎಂದಳು ಅಜ್ಜಿ. “ಇವಳು ಕೊಟ್ಟ ನಾಯಿ ಮಾತ್ರ ಬಂದು ಕೋಲಿಗೇ ಒರಗಿ ನಿಲ್ಲುತ್ತೆ. ಅದು ಹೇಗೆ ಕಲಿಸಿದಳೋ ಪುಣ್ಯಾತ್ಗಿತ್ತಿ.”

“ಅದು ಕಲಿತಿದ್ದು ಅಪ್ಪನ ಕೋಲಿಂದ ಅಜ್ಜಿ,” ಎಂದಳು ಮಗಳು. “ಹೆಲ್ಮೆಟ್ಟೂ ಅಪ್ಪಂದೇ.”

ಗಡಿಯಾರದವರು ತಲೆಯೆತ್ತಲಿಲ್ಲ. ಅಷ್ಟರಲ್ಲಿ ಗಾಡಿ ಬಂತು. ನಾಲ್ಕು ಜನ ಆಕೆಯನ್ನು ಎತ್ತಿಕೊಂಡರು. ಬಟಾಣಿ ಗೇಟಿನವರೆಗೆ ಹಿಂದೆಯೇ ನಡೆದು, ಒಳಗಿನಿಂದ ಮರಿಗಳ ಸದ್ದು ಕೇಳಿ ನಿಂತಿತು. ಗಾಡಿಯ ಕಡೆ ನೋಡಿತು, ಮನೆಯ ಕಡೆ ನೋಡಿತು. ಕೊನೆಗೆ ಒಳಗೆ ಹೋಯಿತು.

*

ಜನ ಬೇಕು ಎನ್ನುವುದೇ ಆಕೆಯ ಗೋಳಾಗಿತ್ತು. ಮೂರನೇ ವಾರದಿಂದ ಮರಿ ಕಂಡದ್ದೆಲ್ಲ ಅದರ ಜನ್ಮಕ್ಕಾಗುತ್ತದೆ, ಅದರ ಮನಸ್ಸಿನ ಬಾಗಿಲು ತೆರೆದಿರುವುದು ಸ್ವಲ್ಪ ದಿನ ಮಾತ್ರ ಎನ್ನುತ್ತಿದ್ದಳು. ದೂರದಲ್ಲಿ ತಟ್ಟೆ ಬೀಳಿಸುವಳು, ಮರುದಿನ ಸ್ವಲ್ಪ ಹತ್ತಿರದಲ್ಲಿ. ಮಿಕ್ಸಿ ತಿರುಗಿಸುವಳು. ಛತ್ರಿ ಬಿಚ್ಚಿ ನೆಲದ ಮೇಲಿಟ್ಟು, ಮರಿಗಳು ಅದರೊಳಗೆ ಹೊಕ್ಕು ಆಡುವವರೆಗೆ ಕಾಯುವಳು. ಆದರೆ ಚಳಿಗಾಲದಲ್ಲಿ ಹುಟ್ಟಿದ ಮರಿಗಳಿಗೆ ಮಳೆಗೆ ಕೋಟು ತೊಟ್ಟವರಿಂದ ಹಿಡಿದು ಬಗೆಬಗೆಯ ಮನುಷ್ಯರನ್ನು ಎಲ್ಲಿಂದ ತರುವುದು?

“ರೀ, ಇದನ್ನ ಹಾಕ್ಕೊಳ್ಳಿ.”

ಹಸಿರು ರೇನ್‌ಕೋಟು. ಇನ್ನೊಂದು ದಿನ ಹೆಲ್ಮೆಟ್ಟು. ಮತ್ತೊಂದು ದಿನ ಶಾಲೆಯ ನಾಟಕದಿಂದ ಬೇಡಿ ತಂದ ಗಡ್ಡ, ಕೈಗೊಂದು ಕೋಲು. ಕುಂಟಬೇಕು, ಕೆಮ್ಮಬೇಕು, ದಪ್ಪ ಬೂಟಿನಲ್ಲಿ ಧಡಧಡ ನಡೆಯಬೇಕು.

“ನಾನೇನು ಕಂಪನಿ ನಾಟಕದೋನಾ? ನನ್ನನ್ನ ಕಟ್ಕೊಂಡಿದ್ದೇ ವೇಷ ಹಾಕ್ಸೋಕೆ ಅನ್ಸುತ್ತೆ.”

ತಮಾಷೆಗೆ ಹೇಳಿದ ಮಾತಲ್ಲ ಅದು. ನಿಜಕ್ಕೂ ನೋವಾಗಿತ್ತು. ಈ ಮನೆಯಲ್ಲಿ ತನ್ನ ಬೆಲೆ ಒಂದು ಕೋಟು ನೇತುಹಾಕುವ ಗೂಟದಷ್ಟು ಎಂದು ಅವರಿಗೆ ಅನಿಸಿತ್ತು. ಆಕೆ ರೇನ್‌ಕೋಟಿನ ಕುತ್ತಿಗೆಯ ಗುಂಡಿ ಹಾಕುತ್ತ ನಕ್ಕಳು. ಆ ಮೇಲಿನ ಗುಂಡಿ ಬಿಗಿ, ಯಾವತ್ತೂ ಆಕೆಯೇ ಹಾಕಬೇಕು.

“ಇನ್ಯಾರಿಗೆ ಹೇಳ್ಲಿ? ಬಂದೋರೆಲ್ಲ ಬಾಚಿ ಎತ್ಕೋತಾರೆ, ಮುದ್ದಾಡ್ತಾರೆ. ಕೈ ಮುದುರ್ಕೊಂಡು, ಅಲ್ಲಾಡದೆ ಕೂರೋದು ಗಡಿಯಾರದವನಿಗೆ ಮಾತ್ರ ಬರೋದು.”

ಒಮ್ಮೆ ಮಾತ್ರ ಅವರಿಗೆ ತಾಳ್ಮೆ ತಪ್ಪಿತ್ತು. ಮೂಲೆಯಲ್ಲಿ ಅಡಗಿದ್ದ ಪುಕ್ಕಲು ಮರಿಯನ್ನು ಹಿಡಿದೆತ್ತಿದ್ದರು. ಅದು ನಡುಗಿ ಅಂಗಿಯ ಮೇಲೆಲ್ಲ ಉಚ್ಚೆ ಹೊಯ್ದಿತು. ಆಕೆಗೆ ಕೋಪ ಬಂದದ್ದನ್ನು ಅವರು ನೋಡಿದ್ದೇ ಅಪರೂಪ, ಅವತ್ತು ನೋಡಿದರು.

“ನೀವು ಎತ್ಕೊಂಡ್ರಿ. ಅದು ಬರಲಿಲ್ಲ. ಎರಡೂ ಒಂದೇ ಅಲ್ಲ.”

*

ಮಣ್ಣು ಮಾಡಿ ಬಂದಾಗ ಸಂಜೆ ಬಿಸಿಲು ಅಂಗಳದಲ್ಲಿತ್ತು. ಹತ್ತಿರದವರು ಮಾತ್ರ ಮನೆಗೆ ಹಿಂದಿರುಗಿದ್ದರು. ಅಂಗಡಿಯವನು ಗಾಳಿತೂತಿನ ಪ್ಲಾಸ್ಟಿಕ್ ಬುಟ್ಟಿ ಹಿಡಿದುಕೊಂಡು ಆಗಲೇ ಕಾಯುತ್ತಿದ್ದ. ಸಭ್ಯ ಮನುಷ್ಯ. ತಡವರಿಸುತ್ತ ಸಂತಾಪ ಹೇಳಿದ. ನಲ್ಲಿಯ ಕಡೆ ಮಾತ್ರ ಹೋಗಲಿಲ್ಲ, ಅವನಿಗೆ ಯಾರು ಹೇಳಿದ್ದರು?

ಆಕೆಯ ತಮ್ಮ ಹಿಂದಿನ ಕೋಣೆಯ ಬಾಗಿಲು ತೆಗೆದ. ಐದು ಮರಿಗಳಲ್ಲಿ ನಾಲ್ಕು ಉರುಳಿಕೊಂಡು ನಡುಮನೆಗೆ ಬಂದವು. ಬಿಳಿ ಕಾಲಿನದೊಂದು ಬಾಗಿಲ ಸಂದಿಯಲ್ಲೇ ನಿಂತಿತು. ಅಂಗಡಿಯವನು ಚುರುಕಾಗಿ ಬಗ್ಗಿ ಅದನ್ನೇ ಮೊದಲು ಬಾಚಿಕೊಂಡ. ಮರಿ ಗಡಗಡ ನಡುಗಿತು. ಅವನ ತೋಳಿನಿಂದ ಉಚ್ಚೆ ನೆಲಕ್ಕೆ ತೊಟ್ಟಿಕ್ಕತೊಡಗಿತು. ಬಟಾಣಿ ಎದ್ದು ನಿಂತಿತು.

“ಕೆಳಗೆ ಬಿಡಿ,” ಎಂದರು ಗಡಿಯಾರದವರು.

“ಏನಿಲ್ಲ ಸಾರ್, ಹೊಸದರಲ್ಲಿ ಎಲ್ಲಾ ಹೀಗೇ. ಬುಟ್ಟಿಗೆ ಹಾಕಿದ್ರೆ ಸುಮ್ಮನಾಗುತ್ತೆ.”

“ನೀವು ಎತ್ಕೊಂಡ್ರಿ. ಅದು ಬರಲಿಲ್ಲ. ಎರಡೂ ಒಂದೇ ಅಲ್ಲ.”

ಆ ಮಾತು ತಮ್ಮದೇ ಬಾಯಿಂದ ಬಂದದ್ದಕ್ಕೆ ಅವರೇ ಬೆಚ್ಚಿದರು. ಅಂಗಡಿಯವನು ಮರಿಯನ್ನು ಕೆಳಗೆ ಬಿಟ್ಟ. ಅದು ಬಾಗಿಲ ಹಿಂದೆ ಓಡಿತು.

“ಭಾವ, ಈ ಕೆಲಸ ಬರಲ್ಲ ಅಂತ ಬೆಳಿಗ್ಗೆ ನೀವೇ ಹೇಳಿದ್ರಲ್ಲ?” ತಮ್ಮ ಕೇಳಿದ.

“ಹೇಳಿದ್ದೆ. ಪಾಠ ಮಾಡೋಳು ಅವಳು, ಅಂದ್ಕೊಂಡಿದ್ದೆ.” ಅವರು ಕುರ್ಚಿಯಿಂದ ಎದ್ದರು. “ಆದ್ರೆ ಪಾಠ ಅಂದ್ರೆ ನಾನೇ ಆಗಿದ್ದೆನಲ್ಲಯ್ಯ. ಇಷ್ಟು ವರ್ಷ ಈ ಮನೆಗೆ ಬಂದ ಅಪರಿಚಿತರೆಲ್ಲ ನಾನೇ.”

ಅಂಗಡಿಯವನ ಕಡೆ ತಿರುಗಿದರು. “ತಪ್ಪು ತಿಳ್ಕೋಬೇಡಿ. ಬಟಾಣಿ ಇಲ್ಲೇ ಇರ್ತಾಳೆ. ಮರಿ ಬೇಕಂದ್ರೆ ಮೂರು ವಾರ ಬಿಟ್ಟು ಬನ್ನಿ, ನಿಮ್ಮನೇಲಿ ಸಾಕೋದಾದ್ರೆ. ನನಗೂ ನಾಲ್ಕು ಮಾತು ಕೇಳೋದಿರುತ್ತೆ. ಬರುವಾಗ ಕೈ ತೊಳ್ಕೊಂಡು ಬನ್ನಿ.”

ಒಳಗೆ ಹೋದರು. ತಿರುಗಿ ಬಂದಾಗ, ಒಂದು ಹನಿ ಮಳೆಯಿಲ್ಲದ ಆ ಸಂಜೆಯಲ್ಲಿ, ಅವರ ಮೈಮೇಲೆ ಹಸಿರು ರೇನ್‌ಕೋಟು, ಕಾಲಿಗೆ ದಪ್ಪ ಬೂಟು, ತಲೆಗೆ ಹೆಲ್ಮೆಟ್ಟು. ಬೇರೆ ಮನೆಯಾಗಿದ್ದರೆ ಮುದುಕನಿಗೆ ಬುದ್ಧಿ ಕೆಟ್ಟಿತು ಅನ್ನುತ್ತಿದ್ದರು. ಇಲ್ಲಿ ಯಾರೂ ಹಾಗೆ ಅಂದುಕೊಳ್ಳಲಿಲ್ಲ. ಪೋಸ್ಟ್‌ಮ್ಯಾನ್ ಎದ್ದು ಹೋಗಿ ಮತ್ತೊಮ್ಮೆ ಕೈ ತೊಳೆದು ಬಂದ. ಇಸ್ತ್ರಿಯವರು ಕಾಲು ಚಾಚಿದರು. ಅಜ್ಜಿ ತನ್ನ ಕೋಲನ್ನು ಮೆಲ್ಲಗೆ ನೆಲಕ್ಕೆ ಮಲಗಿಸಿದಳು, ಒಂದು ಮರಿ ಅದನ್ನು ಕಚ್ಚಲು ಓಡಿಬಂತು.

ಕುತ್ತಿಗೆಯ ಗುಂಡಿ ಹಾಕಲು ಗಡಿಯಾರದವರಿಗೆ ಆಗುತ್ತಿರಲಿಲ್ಲ. ಎಳೆಗೂದಲಿನಂಥ ಸ್ಪ್ರಿಂಗು ಕೂರಿಸುವ ಬೆರಳುಗಳು ಆ ಗುಂಡಿಯ ಮೇಲೆ ಜಾರಿ ಜಾರಿ ಬಿದ್ದವು. ಮಗಳು ಬಂದು ಹಾಕಿದಳು.

ಅವರು ಮರಿ ಅಡಗಿದ್ದ ಬಾಗಿಲಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತರು. ಹೆಲ್ಮೆಟ್ಟಿನ ಗಾಜು ಕೆಳಗೆಳೆದುಕೊಂಡು, ಕೈ ಮುದುರಿ ತೊಡೆಯ ಮೇಲಿಟ್ಟರು. ತಮ್ಮ ಹೊರಗೆ ಹೋದ. ನಲ್ಲಿಯ ಸದ್ದು ಕೇಳಿಸಿತು.

ಬಿಳಿ ಕಾಲಿನ ಮರಿ ಸಂದಿಯಿಂದ ಮೂತಿ ಹಾಕಿತು. ಎರಡು ಹೆಜ್ಜೆ ಬಂದು ಹಿಂದೆ ಓಡಿತು. ಮತ್ತೆ ಬಂತು. ರೇನ್‌ಕೋಟಿನ ಅಂಚನ್ನು ಮೂಸಿ ಮೂಸಿ, ಸುತ್ತು ಹಾಕಿ ಮುಂದೆ ಬಂದು, ಬೂಟಿನ ಮೇಲೆ ಗದ್ದ ಊರಿ ಮಲಗಿತು.

“ಅಪ್ಪ, ಬಂತು,” ಎಂದು ಮಗಳು ಪಿಸುಗುಟ್ಟಿದಳು. ಅವರಿಗೆ ಕಾಣುತ್ತಿರಲಿಲ್ಲ. ಹೆಲ್ಮೆಟ್ಟಿನ ಗಾಜಿಗೆ ಒಳಗಿನಿಂದ ಪೂರ್ತಿ ಮಂಜು ಕಟ್ಟಿತ್ತು. ಭುಜಗಳು ಅಲುಗದಂತೆ ಬಿಗಿಹಿಡಿದು ಕೂತಿದ್ದರು, ಕೈ ಚಾಚಲಿಲ್ಲ.