ನೀಲಿ ಬೆರೆಸಿದ ನೀರು

ಹಜರಾ ಬೀ ಬೆಳಗಿನ ಚಹಾ ಮುಗಿಸಿದರೆಂದರೆ ಚಾಪೆ ಸುತ್ತಿಕೊಂಡು ನೆಲಮಾಳಿಗೆಗೆ ಇಳಿದುಬಿಡುತ್ತಿದ್ದರು. ಅಲ್ಲಿ ಮೂಡಲ ಗೋಡೆಯ ಬುಡದಲ್ಲಿ ಮಾರುದ್ದದ ಬಿರುಕು. ಮಳೆಗಾಲ ಹಿಡಿದಾಗಿನಿಂದ ಅದರಲ್ಲಿ ನೀರು ಜಿನುಗುತ್ತಿತ್ತು. ಅದರ ಪಕ್ಕದಲ್ಲೇ ಕೂತು ತಸ್ಬಿಯ ಜಪಮಣಿ ಎಣಿಸುತ್ತಿದ್ದರು, ನಡುನಡುವೆ ಗೋಡೆಯ ಕಡೆ ತಿರುಗಿ ಮೆಲ್ಲಗೆ ಏನೋ ಹೇಳುತ್ತಿದ್ದರು. ಮೇಲೆ ಅಡುಗೆಮನೆಯಲ್ಲಿ ಸೊಸೆ ಫಾಯಿಜಾ ಈರುಳ್ಳಿ ಹೆಚ್ಚುತ್ತಾ, ಆ ಮಾತಿಗಲ್ಲ, ನಡುವೆ ಬರುವ ಕೆಮ್ಮಿಗೆ ಕಿವಿಗೊಟ್ಟಿರುತ್ತಿದ್ದಳು.

ಸದಾಶಿವನಗರದ ಈ ಸೈಟಿನಲ್ಲಿ ಮೊದಲು ಮಾವನ ಹೆಂಚಿನ ಮನೆಯೂ ಒಂದು ಬಾವಿಯೂ ಇದ್ದವು. ಹಜರಾ ಬೀಯವರ ಏಳು ವರ್ಷದ ಮಗಳು ಮಹೀನ್ ಆ ಬಾವಿಗೆ ಬಿದ್ದು ತೀರಿಹೋದ ವಾರದಲ್ಲೇ ಮಾವ ಗಾಡಿಗಟ್ಟಲೆ ಮಣ್ಣು ತರಿಸಿ ಅದನ್ನು ಮುಚ್ಚಿಸಿದ್ದರು. ಆಗ ಫಾಯಿಜಾಳ ಗಂಡ ಸೈಫುಲ್ಲಾ ಇನ್ನೂ ತೊಟ್ಟಿಲ ಕೂಸು. ತೊಂಬತ್ತೊಂದರಲ್ಲಿ ಹೊಸ ಮನೆ ಎದ್ದಾಗ, ಸೈಟು ರಸ್ತೆಗಿಂತ ತಗ್ಗಾಗಿದ್ದರಿಂದ, ಕೆಳಗೊಂದು ನೆಲಮಾಳಿಗೆಯೂ ಆಯಿತು. ಬಾವಿ ಇದ್ದದ್ದು ಎಲ್ಲಿ ಎಂದು ಬೆರಳಿಟ್ಟು ತೋರಿಸುವವರು ಯಾರೂ ಉಳಿದಿರಲಿಲ್ಲ. ಹಜರಾ ಬೀಗೆ ಮಾತ್ರ ಅನುಮಾನವೇ ಇರಲಿಲ್ಲ.

"ನಿಮ್ಮ ಮಾವ ಮುಚ್ಚಿದ್ದು ಬಾವಿ ಬಾಯಿ ಅಷ್ಟೇ ಬೇಟಾ. ಅವಳು ನನ್ನ ಹತ್ರ ಬರೋಕೆ ಮೂವತ್ತು ವರ್ಷ ಹಿಡೀತು."

ಹಿಂದಿನ ಮಳೆಗಾಲದಲ್ಲಿ ಹಜರಾ ಬೀ ನ್ಯುಮೋನಿಯಾ ಆಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಇನ್ನೊಂದು ಸಲ ಥಂಡಿ ಎದೆಗಿಳಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಫಾಯಿಜಾಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಬಿರುಕು ಮುಚ್ಚಿಸೋಣವೆಂದರೆ ಅತ್ತೆ, "ನಾನು ಹೋದ್ಮೇಲೆ ಮುಚ್ಚಿಸ್ಕೊಳಿ" ಎನ್ನುತ್ತಿದ್ದರು. ಅಕ್ಕನ ಹೆಸರು ಕಿವಿಗೆ ಬಿದ್ದರೆ ಸಾಕು, ಸೈಫುಲ್ಲಾ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದ.

ಗುಬ್ಬಿಯಿಂದ ಬಂದ ಗಾರೆ ಕೆಲಸದ ಯಲ್ಲಯ್ಯ ಬಿರುಕಿನ ಮೇಲೆ ಬೆರಳಾಡಿಸಿ ನಕ್ಕ. "ಬಾವಿನೂ ಇಲ್ಲ, ಗೀವಿನೂ ಇಲ್ಲ ಅಕ್ಕಾರೆ. ಪಕ್ಕದ್ಮನೆ ಸಂಪು ಸೋರ್ತಾ ಐತೆ. ಬಟ್ಟೆಗಾಕೋ ನೀಲಿ ಅದಕ್ಕೆ ಸುರುದ್ಬುಡಿ. ಇಲ್ಲಿ ನೀಲಿ ಬಂತಾ, ಅದೇ ನೀರು."

ಫಾಯಿಜಾಳಿಗೆ ಹೋದ ಜೀವ ಬಂದಂತಾಯಿತು. ಹಜರಾ ಬೀ ಕೂಡ ತಲೆಯಾಡಿಸಿದರು. "ನೀಲಿ ಬಂದ್ರೆ ಮುಚ್ಚಿಸು. ಬರಲ್ಲ."

ಪಕ್ಕದ ಮನೆಯ ಅರುಣಾ ಸಂಪಿನ ಮುಚ್ಚಳ ತೆಗೆದುಕೊಟ್ಟು, "ಸುರೀರಿ ಫಾಯಿಜಾ, ನಮ್ಮೆಜಮಾನ್ರ ಬನಿಯನ್ನಾದ್ರೂ ಬೆಳ್ಳಗಾಗ್ಲಿ" ಎಂದಳು.

ಮೂರು ದಿನ ಕಾದರು. ಬಿರುಕಿನ ನೀರು ಕನ್ನಡಿಯಂತೆ ತಿಳಿಯಾಗಿಯೇ ಇತ್ತು. ನಾಲ್ಕನೆಯ ಬೆಳಿಗ್ಗೆ ಕೆಮ್ಮಿನ ಜೊತೆ ಸಣ್ಣ ಸಿಳ್ಳೆಯಂಥ ಸದ್ದೂ ಕೇಳಿಸಿತು. ಅತ್ತೆ ಸ್ನಾನಕ್ಕೆ ಹೋದದ್ದೇ ತಡ, ಫಾಯಿಜಾ ಲೋಟದಲ್ಲಿ ನೀಲಿ ಕಲಸಿ, ಔಷಧಿ ಕುಡಿಸುವ ಸಿರಿಂಜಿನಲ್ಲಿ ಎಳೆದು, ಬಿರುಕಿನ ಉದ್ದಕ್ಕೂ ಒಳಗೆ ತಳ್ಳಿದಳು. ಆಮೇಲೆ ಮೆಟ್ಟಿಲ ಬಳಿ ನಿಂತು, "ಅಮ್ಮೀ, ನೀಲಿ ಬಂತು!" ಎಂದು ಕೂಗಿದಳು. ಅವಳ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು.

ಹಜರಾ ಬೀ ಒದ್ದೆ ಕೂದಲಲ್ಲೇ ಇಳಿದು ಬಂದು ನೋಡಿದರು. ಬಹಳ ಹೊತ್ತು ನೋಡಿದರು. "ಸರಿ. ಕರೆಸು" ಎಂದರು.

ಮಾರನೆಯ ದಿನ ಯಲ್ಲಯ್ಯ ಉಳಿ ಸುತ್ತಿಗೆ ಹಿಡಿದು ಕೂತ. "ಬರೀ ಮೇಲ್ ಮೆತ್ತುದ್ರೆ ನೀರು ಒದ್ಕಂಡ್ ಬತ್ತದೆ. ಮೊದ್ಲು ಪೈಪಿಟ್ಟು ಅದುಕ್ಕೊಂದು ದಾರಿ ಕೊಡ್ಬೇಕು. ಸುತ್ತ ಎಲ್ಲಾ ಮುಚ್ಚಿ, ಕೊನೇಗೆ ಆ ದಾರಿ ಕಟ್ಟೋದು." ಉಳಿಯೇಟಿಗೆ ನೀಲಿ ಹಿಡಿದ ಗಾರೆ ಚಕ್ಕೆ ಚಕ್ಕೆಯಾಗಿ ಉದುರಿತು. ಅದರ ಹಿಂದಿನಿಂದ ನೀರು ಚಿಮ್ಮಿತು. ತಿಳಿ ನೀರು. ನೀಲಿಯ ಸುಳಿವೂ ಇರಲಿಲ್ಲ.

ಯಲ್ಲಯ್ಯನ ಸುತ್ತಿಗೆ ನಿಂತಿತು. ಅವನು ನೀರನ್ನು ನೋಡಿದ, ಫಾಯಿಜಾಳನ್ನು ನೋಡಿದ. ಏನೂ ಕಾಣದವನಂತೆ ಸಿಮೆಂಟಿನ ಚೀಲದ ಕಡೆ ತಿರುಗಿದ.

ಹಜರಾ ಬೀ ಬೊಗಸೆಯೊಡ್ಡಿ ನೀರು ತುಂಬಿಸಿಕೊಂಡು ಸೊಸೆಯ ಮುಂದೆ ಹಿಡಿದರು. ಫಾಯಿಜಾ ಒಂದು ಹೆಜ್ಜೆ ಹಿಂದೆ ಸರಿದಳು. "ಅಮ್ಮೀ, ನಿಮ್ಮ ಕೆಮ್ಮು..."

"ಬೈತಾ ಇಲ್ಲ ಬೇಟಾ." ಅವರ ಮುಖದಲ್ಲಿ ಎಂದೂ ಇಲ್ಲದ ನೆಮ್ಮದಿ ಇತ್ತು. "ಇದು ಬರೀ ನೀರು ಅಂತ ನಿನಗನ್ನಿಸಿದ್ರೆ ನೀಲಿ ಯಾಕೆ ಹಾಕ್ತಿದ್ದೆ? ನಿನಗೂ ಗೊತ್ತು, ಅವಳು ಇದಾಳೆ. ಇಷ್ಟು ವರ್ಷ ಈ ಮನೇಲಿ ನನಗೊಬ್ಬಳಿಗೇ ಗೊತ್ತಿತ್ತು." ಬೊಗಸೆಯ ನೀರನ್ನು ಮುಖಕ್ಕೆ ಸವರಿಕೊಂಡರು. "ಮುಚ್ಚಪ್ಪಾ ಯಲ್ಲಯ್ಯ. ಇನ್ನು ಅವಳನ್ನ ಇವಳು ನೋಡ್ಕೋತಾಳೆ." ಗೋಡೆಗೆ ಕೈ ಊರುತ್ತಾ ಒಂದೊಂದೇ ಮೆಟ್ಟಿಲು ಹತ್ತಿ ಹೋದರು. ತಿರುಗಿ ನೋಡಲಿಲ್ಲ.

ಸಂಜೆಯ ಹೊತ್ತಿಗೆ ಪೈಪಿನ ತೂತೊಂದೇ ಉಳಿಯಿತು. ಯಲ್ಲಯ್ಯ ಪೈಪು ಕಿತ್ತು, ಬೇಗ ಬಿಗಿಯುವ ಸಿಮೆಂಟನ್ನು ಉಂಡೆ ಮಾಡಿ ತೂತಿಗೆ ತುರುಕಿದ. "ನಾನು ಇನ್ನೊಂದುಂಡೆ ಕಲಸಾಗಂಟ ಕೈಗೆ ಕವರ್ ಹಾಕ್ಕಂಡು ಇದುನ್ನ ಒತ್ತಿ ಹಿಡ್ಕಳಿ ಅಕ್ಕಾರೆ. ಬಿಗೀವಾಗ ಬಿಸಿ ಆಯ್ತದೆ, ಹೆದರ್ಕಬ್ಯಾಡಿ."

ಫಾಯಿಜಾ ಅಂಗೈ ಒತ್ತಿದಳು. ಗೋಡೆಯ ಆಚೆಯಿಂದ ನೀರು ಮೆಲ್ಲಗೆ, ಬಿಟ್ಟು ಬಿಟ್ಟು ತಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ ಉಂಡೆ ಬೆಚ್ಚಗಾಯಿತು. ಸಿಮೆಂಟಿನ ಬಿಸಿ, ಯಲ್ಲಯ್ಯ ಹೇಳಿದ್ದೇ. ಅದು ಜ್ವರ ಬಂದ ಮಗುವಿನ ಹಣೆಯಷ್ಟೇ ದೊಡ್ಡದಿತ್ತು, ಅಷ್ಟೇ ಬಿಸಿಯಿತ್ತು.

"ಸಾಕು ಬುಡಿ ಅಕ್ಕಾರೆ, ಕಚ್ಕಂತು" ಎಂದ ಯಲ್ಲಯ್ಯ.

ಅವಳು ಕೈ ತೆಗೆಯಲಿಲ್ಲ.

"ಅಕ್ಕಾರೆ?"

"ಒಂದ್ನಿಮಿಷ ತಡೀಪ್ಪಾ" ಎಂದಳು ಫಾಯಿಜಾ, ದನಿ ತಗ್ಗಿಸಿ, ಪಕ್ಕದಲ್ಲಿ ಯಾರೋ ಈಗಷ್ಟೇ ನಿದ್ದೆ ಹೋದಂತೆ.