ಹಳದಿ ರೆಗ್ಯುಲೇಟರ್ ಎದೆಯ ಮೇಲಿರಲಿ

ಗುರುವಾರ ಸಂಜೆಯಾದರೆ ಗಲ್ಫಿನ ಅಲ್ ಗುಬ್ರಾದ ಆ ಫ್ಲಾಟಿನ ಹಾಲ್‌ನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಸೊಹಾರ್‌ನ ಉಕ್ಕಿನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್ ಆಗಿರುವ ಕೊಗ್ಗ, ವಾರದ ಕೆಲಸ ಮುಗಿಸಿ ಮನೆಗೆ ಬಂದವನೇ ಡೈವಿಂಗ್ ಬ್ಯಾಗನ್ನು ನೆಲಕ್ಕೆ ಸುರಿಯುತ್ತಿದ್ದ. ಜಾಕೆಟ್, ನಳಿಕೆಗಳು, ಮಾಸ್ಕ್, ಟಾರ್ಚು, ಕ್ಯಾಮೆರಾ, ಚಾಕು. ನಲವತ್ತೆಂಟನೇ ವಯಸ್ಸಿಗೆ ಹತ್ತಿದ ಹುಚ್ಚು ಅದು. ಹೆಂಡತಿ ವಿನೋದಾಳಿಗೂ ಅಂಟಿಸಿದ್ದ. ಇಬ್ಬರೂ ಒಟ್ಟಿಗೇ ತರಬೇತಿ ಮುಗಿಸಿದ್ದರು.

ಸಲಕರಣೆ ಜೋಡಿಸುವ ಕೆಲಸವನ್ನು ಮಾತ್ರ ಕೊಗ್ಗ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ತೋರಿಸುವ ಗೇಜನ್ನು ಅವನು ವಿನೋದಾಳ ಜಾಕೆಟ್ಟಿನ ಪಟ್ಟಿಯೊಳಗೆ ಸಿಕ್ಕಿಸಿದ.

"ಹೀಗೆ ಸಿಕ್ಕಿಸಿದ್ರೆ ನೋಡ್ಲಿಕ್ಕೆ ಕಷ್ಟ ಆಗ್ತದೆ ಇವ್ರೇ," ಎಂದಳು ವಿನೋದಾ.

"ನೇತಾಡ್ತಾ ಇದ್ರೆ ಚಂದ ಕಾಣುದಿಲ್ಲ ಮಾರಾಯ್ತಿ. ನಾನಿಲ್ವಾ ಪಕ್ಕದಲ್ಲಿ? ಹೆಜಮಾಡಿ ಕಡಲಲ್ಲಿ ಈಜಿ ಬೆಳೆದವ ನಾನು."

ಮರುದಿನ ಬೆಳಿಗ್ಗೆ ದೋಣಿಯಲ್ಲಿ ರಾಫಿಯಾ ಅವನನ್ನು ತಡೆದು ನಿಲ್ಲಿಸಿದಳು. ಉಳ್ಳಾಲ ಮೂಲದ ರಾಫಿಯಾ ಆ ದೋಣಿಯ ಡೈವ್ ಲೀಡರ್.

"ಕೊಗ್ಗಣ್ಣ, ನಿಮ್ಮ ಹಳದಿ ರೆಗ್ಯುಲೇಟರ್ ಎಲ್ಲಿ?"

ಪ್ರತಿ ಸಿಲಿಂಡರಿಗೂ ಉಸಿರಾಡುವ ರೆಗ್ಯುಲೇಟರ್ ಎರಡು. ಒಂದು ನಮ್ಮ ಬಾಯಿಗೆ. ಹಳದಿಯದು ಜೊತೆಗಾರರಿಗೆ ಗಾಳಿ ಮುಗಿದರೆ ಕೊಡಲಿಕ್ಕೆ. ಕೊಗ್ಗನದು ಸೊಂಟದ ಹಿಂದೆ ಎಲ್ಲೋ ಜೋತುಬಿದ್ದಿತ್ತು. ರಾಫಿಯಾ ಅದನ್ನು ಎಳೆದು ಅವನ ಎದೆಯ ಮೇಲಿನ ಕ್ಲಿಪ್ಪಿಗೆ ಹಾಕಿದಳು. ಅವಳು ಆಚೆ ಹೋದದ್ದೇ ಕೊಗ್ಗ ಅದನ್ನು ತೆಗೆದುಬಿಟ್ಟ. ಕ್ಯಾಮೆರಾದ ಹಗ್ಗಕ್ಕೆ ಅದು ಅಡ್ಡ ಬರುತ್ತಿತ್ತು.

"ಯಲ್ಲಾ, ಹೋಗುವ!" ಎಂದು ನೀರಿಗೆ ಹಾರಿದ.

ಕೆಳಗೆ ಬೇರೆಯೇ ಲೋಕ. ಕಿವಿಗೆ ತನ್ನದೇ ಉಸಿರಿನ ಸದ್ದು ಬಿಟ್ಟರೆ ಏನೂ ಇಲ್ಲ. ಬಿಸಿಲು ನೀರಿನೊಳಗೆ ಉದ್ದುದ್ದ ಎಳೆಗಳಾಗಿ ಇಳಿದು ಬಿಳಿ ಮರಳಿನ ಮೇಲೆ ತೂಗುತ್ತಿತ್ತು. ನೇರಳೆ ಹವಳದ ಮೇಲೆ ಸಾವಿರ ಸಣ್ಣ ಮೀನು ಒಂದೇ ಮೋಡದ ಹಾಗೆ ತಿರುಗಿದವು. ಕೊಗ್ಗನಿಗೆ ತನ್ನ ದೇಹದ ಭಾರವೇ ಮರೆತುಹೋಯಿತು. ಒಂದು ಆಮೆ ಬಂತು. ಯಾವ ಅವಸರವೂ ಇಲ್ಲದೆ ರೆಕ್ಕೆಯಂಥ ಕಾಲು ಬೀಸುತ್ತಾ ಅವರಿಬ್ಬರ ನಡುವಿನಿಂದಲೇ ಹೋಯಿತು. ಗಂಡಹೆಂಡತಿ ಅದರ ಹಿಂದೆ ತೇಲಿದರು. ರಾಫಿಯಾ ಮತ್ತು ಉಳಿದವರು ಸ್ವಲ್ಪ ಮುಂದಾದರು. ಎಷ್ಟು ಹೊತ್ತಾಯಿತೆಂದು ಯಾರು ನೋಡಿದರು?

ಯಾರೋ ಭುಜವನ್ನು ಗಟ್ಟಿಯಾಗಿ ಹಿಡಿದರು. ಕೊಗ್ಗ ತಿರುಗಿದ. ವಿನೋದಾ. ಮಾಸ್ಕಿನೊಳಗೆ ಅವಳ ಕಣ್ಣುಗಳು ಅಗಲವಾಗಿದ್ದವು. ಅಂಗೈಯನ್ನು ಕತ್ತಿನ ಅಡ್ಡಕ್ಕೆ ಎಳೆದು ತೋರಿಸಿದಳು. ಗಾಳಿ ಮುಗಿದಿದೆ.

ಅವನ ಕೈ ಎದೆಗೆ ಹೋಯಿತು. ಅಲ್ಲಿ ಏನೂ ಇಲ್ಲ. ಸೊಂಟ ತಡಕಿದ. ಬೆನ್ನ ಹಿಂದೆ ತಡಕಿದ. ನಳಿಕೆ ಬೆರಳಿಗೆ ಸಿಕ್ಕಿತು, ಎಳೆದ, ಬರಲಿಲ್ಲ. ಕ್ಯಾಮೆರಾದ ಹಗ್ಗ ಅದಕ್ಕೆ ಸುತ್ತಿಕೊಂಡಿತ್ತು. ಹತ್ತು ಸೆಕೆಂಡು ಆಗಿರಬಹುದು. ಆ ಹತ್ತು ಸೆಕೆಂಡಿನಲ್ಲಿ ಹೆಂಡತಿಯ ಬಾಯಿಂದ ಒಂದು ಗುಳ್ಳೆಯೂ ಬರಲಿಲ್ಲ. ಕೊಗ್ಗ ತನ್ನ ಬಾಯಿಯದ್ದನ್ನೇ ಕಿತ್ತು ಕೊಡಲು ಕೈ ಎತ್ತಿದ. ಅಷ್ಟರಲ್ಲಿ ಅವರಿಬ್ಬರ ನಡುವೆ ಒಂದು ಹಳದಿ ರೆಗ್ಯುಲೇಟರ್ ಬಂತು. ಅವರು ಹಿಂದುಳಿದದ್ದನ್ನು ಕಂಡು ತಿರುಗಿ ಬಂದ ರಾಫಿಯಾ, ಅದನ್ನು ತನ್ನ ಎದೆಯಿಂದ ಒಂದೇ ಎಳೆತಕ್ಕೆ ತೆಗೆದು ವಿನೋದಾಳ ಬಾಯಿಗೆ ಇಟ್ಟಿದ್ದಳು.

ಗುಳ್ಳೆಗಳು ಎದ್ದವು. ಅಷ್ಟು ಚಂದದ ವಸ್ತುವನ್ನು ಕೊಗ್ಗ ಹಿಂದೆಂದೂ ಕಂಡಿರಲಿಲ್ಲ.

ನಿಧಾನವಾಗಿ ಎಲ್ಲರೂ ಮೇಲೆ ಬಂದರು. ದೋಣಿಯಲ್ಲಿ ವಿನೋದಾ ಟವೆಲ್ ಸುತ್ತಿಕೊಂಡು ಹೇಳಿದಳು: "ನಿಮ್ಮ ಹತ್ರ ಗಾಳಿ ಇತ್ತು. ಎಲ್ಲಿ ಉಂಟಂತ ನಿಮಗೇ ಗೊತ್ತಿರ್ಲಿಲ್ಲ."

ಕೊಗ್ಗ ರಾಫಿಯಾಳ ಹತ್ತಿರ ಹೋಗಿ, "ನೀನು ಹಾಕಿದ್ದನ್ನು ನಾನೇ ತೆಗೆದೆ," ಎಂದ. ಅವಳು ಬೈಯಲಿಲ್ಲ. "ನಾಳೆ ಮನೆಗೆ ಬರ್ತೇನೆ ಕೊಗ್ಗಣ್ಣ. ಬ್ಯಾಗ್ ಬಿಚ್ಚಿಡಿ," ಎಂದಳು.

ಶನಿವಾರ ವಿನೋದಾ ಗೋಳಿಬಜೆ ಕರಿದಳು. ರಾಫಿಯಾ ಚಾಪೆಯ ಮೇಲೆ ಕೂತು ಒಂದೊಂದೇ ವಸ್ತುವನ್ನು ಎತ್ತಿದಳು.

"ಹಳದಿಯದು ಗದ್ದಕ್ಕೂ ಪಕ್ಕೆಲುಬಿಗೂ ನಡುವೆ ಇರ್ಬೇಕು. ಎಳೆದ್ರೆ ಬಿಟ್ಟುಬರುವ ಕ್ಲಿಪ್ಪಲ್ಲಿ. ಗಂಟು ಹಾಕ್ಲಿಕ್ಕಿಲ್ಲ. ಗೇಜು ಎಡಗಡೆ, ತಲೆ ಬಗ್ಗಿಸಿದ್ರೆ ಮುಳ್ಳು ಕಾಣ್ಬೇಕು. ಅಕ್ಕ, ನೀವೇ ಹಾಕಿ ನೋಡಿ. ನಿಮ್ಮ ಕೈಗೆ ಎಲ್ಲಿ ಸಿಗ್ತದೋ ಅಲ್ಲಿಗೆ."

"ಈ ತೂಕದ ಬೆಲ್ಟು?" ವಿನೋದಾ ಕೇಳಿದಳು.

"ಅದರ ಮೇಲೆ ಬೇರೆ ಯಾವ ಪಟ್ಟಿಯೂ ಬರ್ಬಾರ್ದು. ತುರ್ತಲ್ಲಿ ಮೇಲೆ ತೇಲ್ಲಿಕ್ಕೆ ಅದನ್ನು ಒಂದೇ ಕೈಯಲ್ಲಿ ಬಿಚ್ಚಿ ಬೀಳಿಸ್ಲಿಕ್ಕೆ ಆಗ್ಬೇಕು. ಸಿಲಿಂಡರಿನ ಪಟ್ಟಿಯನ್ನು ಒದ್ದೆ ಮಾಡಿ ಬಿಗೀರಿ. ಒಣಗಿದ್ದಾಗ ಬಿಗಿದ್ರೆ ನೀರಲ್ಲಿ ಸಡಿಲ ಆಗ್ತದೆ."

"ಚಾಕು ಕಾಲಲ್ಲೇ ಇರ್ಲಿ," ಕೊಗ್ಗ ಮೆಲ್ಲ ಹೇಳಿದ. "ಹೀರೋ ಹಾಗೆ ಕಾಣ್ತದೆ."

"ಮೀನುಗಾರರು ಬಿಟ್ಟುಹೋದ ಬಲೆ ಕಾಲಿಗೆ ಸುತ್ತಿದ್ರೆ ಹೀರೋಗೆ ಅದು ಸಿಗುದಿಲ್ಲ. ಸೊಂಟದ ಮುಂದೆ ಇಡಿ, ಎರಡೂ ಕೈಗೆ ಸಿಗ್ಬೇಕು."

ವಿನೋದಾ ನಕ್ಕುಬಿಟ್ಟಳು. ನಿನ್ನೆಯಿಂದ ಅವಳು ನಕ್ಕದ್ದು ಅದೇ ಮೊದಲು. ಕೊಗ್ಗನ ಎದೆ ಹಗುರಾಯಿತು. ಚಾಕು ಸೊಂಟಕ್ಕೆ ಬಂತು. ಕ್ಯಾಮೆರಾವನ್ನು ಅವನೇ ಎತ್ತಿ ಕಪಾಟಿನಲ್ಲಿಟ್ಟ. "ಖಲಾಸ್. ಕೈ ಪಳಗುವವರೆಗೆ ಇದು ಬೇಡ."

ಆಮೇಲೆ ಇಬ್ಬರೂ ಸಲಕರಣೆ ತೊಟ್ಟು ಹಾಲ್‌ನಲ್ಲಿ ಎದುರುಬದುರು ನಿಂತರು. ಒಬ್ಬರು ಕಣ್ಣು ಮುಚ್ಚಬೇಕು, ಇನ್ನೊಬ್ಬರ ಹಳದಿ ರೆಗ್ಯುಲೇಟರನ್ನು ತಡಕದೆ ತೆಗೆಯಬೇಕು. ಮಗಳು ಅಕ್ಷಯಾ ಫೋನಿನಲ್ಲಿ ಸೆಕೆಂಡು ಎಣಿಸಿದಳು.

"ಸಿಕ್ಸ್! ಪಪ್ಪ, ಟೂ ಸ್ಲೋ!"

ಇನ್ನೊಮ್ಮೆ ಮಾಡಿದರು. ಮತ್ತೂ ಇನ್ನೊಮ್ಮೆ. ಎರಡು ಸೆಕೆಂಡಿಗೆ ಬಂದಾಗ ಗೋಳಿಬಜೆ ತಣ್ಣಗಾಗಿತ್ತು.

ಎರಡು ವಾರ ಬಿಟ್ಟು ಅವರು ಮತ್ತೆ ಸಮುದ್ರಕ್ಕೆ ಹೋದರು. ವಿನೋದಾಳಿಗೆ ಹೆದರಿಕೆ ಪೂರ್ತಿ ಹೋಗಿರಲಿಲ್ಲ. ರಾಫಿಯಾ ಅವರಿಬ್ಬರನ್ನೂ ಐದು ಮೀಟರ್ ಆಳದಲ್ಲಿ, ಮರಳಿನ ಮೇಲೆ ಮೊಣಕಾಲೂರಿಸಿದಳು. ವಿನೋದಾ ಕತ್ತಿಗೆ ಕೈ ಅಡ್ಡ ಮಾಡಿ ತೋರಿಸಿದಳು. ಕೊಗ್ಗನ ಬಲಗೈ ತಾನಾಗಿ ಎದೆಗೆ ಹೋಯಿತು, ಹಳದಿಯದು ಹೊರಬಂತು, ಅವಳ ಬಾಯಿ ಸೇರಿತು. ಒಬ್ಬರ ತೋಳನ್ನೊಬ್ಬರು ಹಿಡಿದು ಒಂದೇ ಸಿಲಿಂಡರಿನಿಂದ ಉಸಿರಾಡಿದರು. ಇಬ್ಬರ ಗುಳ್ಳೆಗಳೂ ಬೆರೆತು, ಬೆಳ್ಳಿಯ ಹಾಗೆ ಮಿನುಗುತ್ತಾ ಬೆಳಕಿನ ಕಡೆಗೆ ಏರಿದವು. ಯಾವುದು ಯಾರದ್ದೆಂದು ಹೇಳಲು ಬರುತ್ತಿರಲಿಲ್ಲ. ವಿನೋದಾಳ ಬೆರಳುಗಳ ಬಿಗಿತ ಮೆಲ್ಲನೆ ಸಡಿಲಿತು.

ನೀರಿಗಿಳಿಯುವ ಅಣ್ಣಂದಿರೇ, ಅಕ್ಕಂದಿರೇ, ಸಮುದ್ರ ನಿಮ್ಮನ್ನು ಕನಸಿನಲ್ಲಿ ತೇಲಿಸುತ್ತದೆ. ತೇಲಿ, ಬೇಡ ಎನ್ನುವುದಿಲ್ಲ. ಆದರೆ ಇಳಿಯುವ ಮೊದಲು ನಿಮ್ಮ ಸಲಕರಣೆಯನ್ನು ನಿಮ್ಮ ಮೈಗೆ, ನಿಮ್ಮ ಕೈಗೆ ಹೊಂದುವ ಹಾಗೆ ಜೋಡಿಸಿಕೊಳ್ಳಿ. ತಿಳಿದವರಿಗೆ ಒಮ್ಮೆ ತೋರಿಸಿ. ಬೇಡದ್ದನ್ನು ದೋಣಿಯಲ್ಲೇ ಬಿಡಿ. ಗೇಜನ್ನು ಆಗಾಗ ನೋಡುತ್ತಿರಿ. ನಿಮ್ಮ ಜೊತೆಗಾರರ ಕಡೆ ತಿರುಗಿ, "ನಿನಗೆ ಕೊಡುವ ಗಾಳಿ ಇಲ್ಲಿದೆ," ಎಂದು ಕೈಯಿಟ್ಟು ತೋರಿಸಿ. ಅವರದು ಎಲ್ಲಿದೆಯೆಂದು ಕೇಳಿ. ಇಷ್ಟಕ್ಕೆ ಒಂದು ನಿಮಿಷ ಸಾಕು. ಈ ಶುಕ್ರವಾರ ಆ ಒಂದು ನಿಮಿಷ ಕೊಡುತ್ತೀರಲ್ಲ?