ಅರ್ಧ ಬೆರಳು ಉದ್ದದ ಗದ್ದ

ಮುಂಗಾರು ಇನ್ನೂ ಕಡಲಿನಾಚೆ ಉಸಿರು ಬಿಗಿಹಿಡಿದು ನಿಂತಿದ್ದ ಸಂಜೆ... ರೈಲುಹಳಿಗಳ ಆಚೆ ಇಳಿಯುತ್ತಿದ್ದ ಸೂರ್ಯ ಉಪ್ಪಳದ ಪೇಟೆಗೆ ಕೊನೆಯ ಹಿಡಿ ಕುಂಕುಮಕಾಂತಿಯನ್ನು ಎರಚಿದ್ದ. ಗಲ್ಫಿನ ದುಡಿಮೆಯಿಂದ ಎದ್ದ ಮನೆಗಳ ನೀಲಿ ಗಾಜಿನ ಮೇಲೆ, ಹೆದ್ದಾರಿಯ ಧೂಳಿನ ಮೇಲೆ, ಮೀನು ಮಾರಿ ಮರಳುವವರ ಬರಿಬುಟ್ಟಿಗಳ ಮೇಲೆ ಆ ಬೆಳಕು ಒಂದೇ ವಾತ್ಸಲ್ಯದಿಂದ ಕುಳಿತಿತ್ತು. ಬೆಳಕಿಗೆ ಅಳತೆಗೋಲಿಲ್ಲ, ಓದುಗರೆ! ಅಳತೆಗೋಲು ಇದ್ದದ್ದು ಮಹಡಿಯ ಮೇಲಿನ ಸ್ಟುಡಿಯೋದಲ್ಲಿ, ಭುಜಂಗನ ಕಣ್ಣಿನಲ್ಲಿ.

ನಲವತ್ತೆರಡರ ಒಂಟಿ ಜೀವ ಅವನು. ಮದುವೆಯ ಮಾತುಕತೆಗೆ ಕಳಿಸುವ ಫೋಟೋಗಳಿಗೆ ಅವನದು ಹೆಸರಾದ ಕೈ. ಕೂದಲಂಚಿನಿಂದ ಹುಬ್ಬು, ಹುಬ್ಬಿನಿಂದ ಮೂಗಿನ ತುದಿ, ಅಲ್ಲಿಂದ ಗದ್ದ: ಈ ಮೂರು ಪಾಲು ಸಮವಾದರೆ ನೋಡುವವರ ಮನಸ್ಸು ಒಲಿಯುತ್ತದೆಂದು ಅವನ ನಂಬಿಕೆ, ಸಮವಿಲ್ಲದಿದ್ದರೆ ಕಂಪ್ಯೂಟರಿನಲ್ಲಿ ತಾನೇ ಸಮಮಾಡುತ್ತಿದ್ದ.

ಪಕ್ಕದ ಕೋಣೆಯಲ್ಲಿ ಬಟ್ಟೆ ಹೊಲಿಯುವ ಜಲಜಾಕ್ಷಿ ಬಂದು ಮದುವೆಯ ಮಾತುಕತೆಗೆ ಫೋಟೋ ಬೇಕೆಂದಾಗಲೂ ಅಭ್ಯಾಸಬಲದಿಂದ ಫೋಟೋದಲ್ಲಿ ಅವಳ ಗದ್ದವನ್ನು ಅರ್ಧ ಬೆರಳು ಗಿಡ್ಡಮಾಡಿದ್ದ. ಆರು ವರ್ಷಗಳಿಂದ ಅವಳ ಹೊಲಿಗೆಯಂತ್ರದ ಸದ್ದು ನಿಂತರೆ ಅವನ ಎದೆಯೂ ಒಂದು ಕ್ಷಣ ನಿಲ್ಲುತ್ತಿತ್ತು... ಬಾಯಿ ಮಾತ್ರ ತೆರೆದಿರಲಿಲ್ಲ. ಕಟ್ಟಡದ ಗಂಡಸರನ್ನೆಲ್ಲ 'ಅಣ್ಣ' ಎನ್ನುವ ಅವಳು ತನ್ನನ್ನು ಬರಿದೇ 'ನೀವು' ಎನ್ನುತ್ತಾಳೆಂಬುದನ್ನು, ಕೂದಲೆಳೆಯನ್ನೂ ಅಳೆಯುವ ಆ ಮನುಷ್ಯ ಗಮನಿಸಿರಲೇ ಇಲ್ಲ!

ಆ ಸಂಜೆ ಅವಳು ಬಾಗಿಲಲ್ಲಿ ನಿಂತಳು.

"ನೋಡಲು ಬಂದ ಮೂರನೆಯವರೂ ಚಹಾ ಕುಡಿದು ಹೋದರು. ಹುಡುಗನ ತಾಯಿ ಕೇಳಿದ್ದು ಎಂತ ಗೊತ್ತುಂಟಾ? 'ಫೋಟೋದಲ್ಲಿರುವುದು ಇವಳ ತಂಗಿಯಾ?' ಅಂತ. ನನ್ನ ಗದ್ದ ಎಲ್ಲಿ ಹಾಕಿದಿರಿ ಮಾರಾಯ್ರೆ?"

"ಜನರ ಕಣ್ಣಿಗೆ ಹಾಗಿದ್ದರೆ ಚಂದ..."

"ಜನ ಇರಲಿ. ನಿಮ್ಮ ಕಣ್ಣಿಗೆ?"

ಒಂದು ಮಾತಿನಷ್ಟೇ ದೂರದಲ್ಲಿತ್ತು ಬಾಳು! ಆ ನೀಳ ಗದ್ದಕ್ಕೆ ಸಂಜೆಯ ಬೆಳಕು ತಾಗಿ, ತುಟಿಯ ಕೆಳಗಿನ ಪುಟ್ಟ ನೆರಳು ದೀಪದ ಕುಡಿಯಂತೆ ನಡುಗುತ್ತಿತ್ತು. ಅವನು ಕಂಡ, ಹೆದರಿದ, ಕಸುಬಿನ ಮರೆಗೆ ಸರಿದ.

"ಅರ್ಧ ಬೆರಳು ಹೆಚ್ಚು ಉಂಟು."

ಅವಳು ಮೆಲ್ಲನೆ ನಕ್ಕಳು. "ನಾನು ಮೈಗೆ ಸರಿಯಾಗಿ ಬಟ್ಟೆ ಕತ್ತರಿಸುವುದು. ಬಟ್ಟೆಗೆ ಸರಿಯಾಗಿ ಮೈ ಕತ್ತರಿಸುವುದಿಲ್ಲ. ತಿದ್ದದ ಫೋಟೋ ಕೊಡಿ."

ಕೊಟ್ಟ. ಆ ಫೋಟೋ ಕುಂಬ್ಡಾಜೆಯ ಶ್ರೀರಾಮನೆಂಬ ರಬ್ಬರು ಕೃಷಿಕನಿಗೆ ತಲುಪಿತು. ಬಂದು ನೋಡಿದವನು, "ಅಬ್ಬ, ಫೋಟೋದ ಹಾಗೆಯೇ ಇದ್ದಾರಲ್ಲ!" ಎಂದು ಮನೆಯೇ ನಗುವಂತೆ ನಕ್ಕನಂತೆ. ಮಾತು ಅಲ್ಲಿಗೇ ಕೂಡಿಬಂತು.

ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ, ಒದ್ದೆ ಕೊಡೆಯನ್ನು ಹೊರಗಿಟ್ಟು ಅವಳು ಆಮಂತ್ರಣಪತ್ರ ನೀಡಿದಳು.

"ಖಂಡಿತ ಬರಬೇಕು, ಭುಜಂಗಣ್ಣ."

ಅಣ್ಣ!... ಆರು ವರ್ಷಗಳಲ್ಲಿ ಮೊದಲ ಬಾರಿ. ಆ ಪದವಿಲ್ಲದೆ ಖಾಲಿಯಿದ್ದ ಜಾಗದಲ್ಲಿ ಇಷ್ಟು ದಿನ ಏನಿತ್ತೆಂದು ಅವನಿಗೆ ತಿಳಿದದ್ದು, ಆ ಜಾಗ ತುಂಬಿದ ಮೇಲೆ.

ಅವಳು ಮೆಟ್ಟಿಲಿಳಿದಳು. ಪಕ್ಕದ ಕೋಣೆಯಲ್ಲಿ ಯಂತ್ರ ಸುಮ್ಮನಿತ್ತು. ತಗಡಿನ ಮಾಡಿನ ಮೇಲೆ ಮಳೆಯೊಂದೇ ಹೊಲಿಯುತ್ತಿತ್ತು. ಅವನು ಆ ತಿದ್ದದ ಮುಖವನ್ನು ಪರದೆಯ ಮೇಲೆ ತೆರೆದು, ಸಂಜೆಯವರೆಗೂ ಅಳೆಯದೆ ನೋಡಿದ.

ಚಂದಕ್ಕೆ ಅಳತೆ ಇದ್ದೀತು, ನೂರು ಜನ ಅದನ್ನು ಒಪ್ಪಿಯಾರು. ಒಬ್ಬರ ಹೃದಯ ಮಾತ್ರ ಆ ಅಳತೆಯನ್ನು ಅರ್ಧ ಬೆರಳು ಮೀರಿದಲ್ಲೇ ಹೋಗಿ ನಿಲ್ಲುತ್ತದೆ. ನಿಂತದ್ದು ತಿಳಿದೊಡನೆ ಹೇಳಿಬಿಡಬೇಕು, ಓದುಗರೆ, ಒಣಹಾಕಿದ ಬಟ್ಟೆಯನ್ನು ಮಳೆಗೆ ಮೊದಲೇ ಒಳಗೆ ತರುವ ಹಾಗೆ... ಮಳೆಯಂತೂ ಯಾರಿಗೂ ಕಾಯುವುದಿಲ್ಲ.